ನನ್ನ ಮಗನಿಗೆ ನೀವು ಹೇಳಿಕೊಟ್ಟ ಗಂಡಸುತನ

ಮಾನ್ಯ ಠಾಣಾಧಿಕಾರಿಗಳೇ,

ನನ್ನ ಮಗ ಕೊಡಲು ಬಂದ ದೂರನ್ನು ನೀವು ಬರೆದುಕೊಳ್ಳಲಿಲ್ಲ. ಅವನ ಮೇಲೆ ಬಂದ ದೂರನ್ನು ಮಾತ್ರ ಅರ್ಧ ಗಂಟೆಯೊಳಗೆ, ಒಂದು ಕಾಗುಣಿತದ ತಪ್ಪೂ ಇಲ್ಲದೆ, ನಾಲ್ಕು ಪುಟ ಬರೆದಿರಿ. ನಿಮ್ಮ ದಕ್ಷತೆಯ ಬಗ್ಗೆ ನನಗೆ ಸಂಶಯವಿಲ್ಲ. ಆದರೆ ಇವೆರಡರ ನಡುವೆ ಒಂಬತ್ತು ದಿನಗಳಿದ್ದವು. ಆ ದಿನಗಳ ವಿಷಯ ನಿಮ್ಮ ಕಡತದಲ್ಲಿ ಇಲ್ಲದ ಕಾರಣ ನಾಲ್ಕು ಜನ ಓದಲೆಂದು ಈ ಬಹಿರಂಗ ಪತ್ರದಲ್ಲಿ ಬರೆಯುತ್ತಿದ್ದೇನೆ.

ನಾನು ದರ್ಜಿ. ಮಗನಿಗೆ ಇಪ್ಪತ್ತೆರಡು ವರ್ಷ. ಬೇಕರಿಯಲ್ಲಿ ಕೇಕುಗಳ ಮೇಲೆ ಕ್ರೀಮಿನಿಂದ ಹೂವು, ಬಳ್ಳಿ, ಹೆಸರು ಬಿಡಿಸುವುದು ಅವನ ಕೆಲಸ. ಎದುರಿನ ಜಿಮ್ಮಿನ ಮೂವರು ಹುಡುಗರು ಅವನಿಗೆ 'ಕ್ರೀಮ್ ಬನ್ನು' ಎಂದು ಹೆಸರಿಟ್ಟಿದ್ದರು. ಇವನು ಕೇಳಿಸದವನ ಹಾಗೆ ತಲೆ ತಗ್ಗಿಸಿ ಹೋಗುತ್ತಿದ್ದ. ಒಂದು ಸಂಜೆ ದಾರಿಗೆ ಅಡ್ಡ ನಿಂತು, "ಗಂಡಸಾಗಿದ್ರೆ ಒಂದೇಟು ಹೊಡಿ, ನೋಡೋಣ" ಅಂದರಂತೆ. ಇವನು ಹೊಡೆಯಲಿಲ್ಲ. ಗೋಡೆಗೆ ಒತ್ತಿ ಹಿಡಿದು ಬಲಗೈ ತಿರುಚಿದರು. ಎರಡು ಬೆರಳು ಮುರಿದವು.

ಮರುದಿನ ಬೆಳಿಗ್ಗೆ, "ದೂರು ಕೊಡೋಣ ಅಪ್ಪ. ಠಾಣೆ ಇರೋದು ಇದಕ್ಕೇ ತಾನೆ?" ಅಂದ. ಪಾಪ, ನಿಮ್ಮ ಮೇಲೆ ಎಷ್ಟು ನಂಬಿಕೆ ನೋಡಿ!

ನಮ್ಮನ್ನು ಮುಕ್ಕಾಲು ಗಂಟೆ ನಿಲ್ಲಿಸಿ ನೀವು ಕೇಳಿದ ಮೊದಲ ಪ್ರಶ್ನೆ, "ಏನ್ ಕೆಲ್ಸ ಮಾಡ್ತೀಯ?"

"ಕೇಕ್ ಮೇಲೆ ಹೂ ಬಿಡಿಸ್ತೀನಿ ಸರ್."

ದೂರು ಬರೆದುಕೊಳ್ಳಬೇಕಾದ ನಿಮ್ಮ ಪೇದೆ ಪೆನ್ನು ಕೆಳಗಿಟ್ಟು ನಕ್ಕರು. ನೀವು ಕುರ್ಚಿಗೆ ಒರಗಿ ಕೇಳಿದಿರಿ: "ಅವರು ಹೊಡಿಯೋವಾಗ ನೀನೇನ್ ಮಾಡ್ತಿದ್ದೆ? ಅವರ ಮೇಲೂ ಹೂ ಬಿಡಿಸ್ತಿದ್ಯಾ?" ಆಮೇಲೆ ದನಿ ತಗ್ಗಿಸಿ, ಹಿತೈಷಿಯ ಹಾಗೆ ಅಂದಿರಿ: "ಇದನ್ನೆಲ್ಲ ಬರ್ಕೊಂಡ್ರೆ ನಿನ್ನ ಮಾನಾನೇ ಹೋಗೋದು. ಮೀಸೆ ಬಂದಿದೆಯಲ್ಲಪ್ಪ! ಹೋಗು, ಗಂಡಸರ ಥರ ನೀವ್ ನೀವೇ ಬಗೆಹರಿಸ್ಕೊಳ್ಳಿ."

ಆಗ ನಾನೂ ನಕ್ಕೆ. ಮೂವತ್ತು ವರ್ಷ ಗಿರಾಕಿಗಳ ಹಾಸ್ಯಕ್ಕೆಲ್ಲ ನಕ್ಕು ಬಂದ ಬಾಯಿ ಇದು. ದೊಡ್ಡವರು ನಕ್ಕರೆ ತಾನಾಗಿ ತೆರೆದುಕೊಳ್ಳುತ್ತದೆ. ಮಗ ನಿಮ್ಮ ಕಡೆ ನೋಡಲಿಲ್ಲ. ನನ್ನನ್ನು ನೋಡಿದ.

ಅಂದಿನಿಂದ ಅವನು ನನ್ನ ಜೊತೆ ಮಾತು ಬಿಟ್ಟ. ಅರ್ಧ ಊಟಕ್ಕೇ ಏಳುತ್ತಿದ್ದ. ತಾಯಿ ಕೇಳಿದರೆ "ಏನಿಲ್ಲಮ್ಮ" ಅಷ್ಟೆ. ಕೋಣೆಯ ಬಾಗಿಲು ಹಾಕಿಕೊಂಡು ಎಡಗೈಯಿಂದ ಗೋಡೆಗೆ ಗುದ್ದುವ ಸದ್ದು ನನ್ನ ಹೊಲಿಗೆ ಯಂತ್ರದ ಸದ್ದಿನ ಮಧ್ಯೆಯೂ ಕೇಳುತ್ತಿತ್ತು. ಮನೆಗೆ ಬಂದ ಹೆಂಡತಿಯ ತಮ್ಮ ಅದನ್ನು ಕೇಳಿ, "ಬಿಡಿ ಭಾವ, ಈಗಲಾದ್ರೂ ಹುಡುಗ ಗಟ್ಟಿ ಆಗ್ತಿದ್ದಾನೆ" ಎಂದು ಖುಷಿಪಟ್ಟ. ನಾನು ಯಂತ್ರ ತುಳಿಯುತ್ತಲೇ ಇದ್ದೆ.

ಒಂಬತ್ತನೆಯ ದಿನ ಮಧ್ಯಾಹ್ನ, ಆ ಮೂವರಲ್ಲಿ ಒಬ್ಬ ಬಸ್ ನಿಲ್ದಾಣದಲ್ಲಿ ಒಂಟಿಯಾಗಿ ನಿಂತಿದ್ದ. ಬಿಸಿ ತಟ್ಟೆಗಳನ್ನು ಎಳೆಯುವ ಕಬ್ಬಿಣದ ಕೊಕ್ಕೆಯನ್ನು ನನ್ನ ಮಗ ಬೇಕರಿಯಿಂದ ತಂದಿದ್ದ. ಬೀಸಿದ್ದು ಒಂದೇ ಸಲ. ಆ ಹುಡುಗನ ಎಡಗಣ್ಣು ಹೋಯಿತು. ಕೊಕ್ಕೆ ಬಿಸಾಡಿ, ತನ್ನ ಅಂಗಿ ಕಳಚಿ ಅವನ ಮುಖಕ್ಕೆ ಒತ್ತಿ ಹಿಡಿದು, ಆಂಬುಲೆನ್ಸ್ ಬರುವವರೆಗೆ ಅಳುತ್ತ ಕೂತಿದ್ದವನೂ ನನ್ನ ಮಗನೇ. ನಿಮ್ಮ ನಾಲ್ಕು ಪುಟಗಳಲ್ಲಿ ಇದು 'ಸ್ಥಳದಲ್ಲೇ ಸಿಕ್ಕಿಬಿದ್ದ' ಎಂದಾಗಿದೆ. ಭಾಷೆಯ ಮೇಲೆ ನಿಮಗೆ ಒಳ್ಳೆಯ ಹಿಡಿತವಿದೆ.

ಅವನು ಮಾಡಿದ್ದು ಅಪರಾಧ. ಶಿಕ್ಷೆಯಲ್ಲಿ ಒಂದು ದಿನವನ್ನೂ ಕಡಿಮೆ ಮಾಡಿ ಎಂದು ನಾನು ಕೇಳುತ್ತಿಲ್ಲ.

ಆಸ್ಪತ್ರೆಗೆ ಹೋಗಿದ್ದೆ. ಆ ಹುಡುಗನ ತಾಯಿ ಬಾಗಿಲಲ್ಲಿದ್ದರು. ಉಗಿದು ಕಳಿಸುತ್ತಾರೆಂದು ತಿಳಿದಿದ್ದೆ. ಅವರು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ಹಾಸಿಗೆಯ ಮೇಲಿದ್ದವನಿಗೆ ಹತ್ತೊಂಬತ್ತು ವರ್ಷ. ಅರ್ಧ ಮುಖಕ್ಕೆ ಪಟ್ಟಿ. ನಾನು ಯಾರೆಂದು ತಿಳಿದ ಮೇಲೆ, "ನಂಗೆ ಅವನ ಮೇಲೆ ಸಿಟ್ಟೇನೂ ಇರ್ಲಿಲ್ಲ ಅಂಕಲ್. ಅವತ್ತು ನಾನು ಕೈ ಹಾಕ್ದೇ ಇದ್ದಿದ್ರೆ, ಮುಂದೆ ಅವರಿಬ್ಬರೂ ನನ್ನೇ ಹಿಡ್ಕೊಳ್ತಿದ್ರು" ಅಂದ.

ಹಾಗಾದರೆ ಸ್ವಾಮಿ, ಆ ಬೀದಿಯಲ್ಲಿ ಯಾರಿಗೆ ಯಾರ ಮೇಲೆ ದ್ವೇಷವಿತ್ತು? ಹೆದರಿದವನೊಬ್ಬ ಇನ್ನೊಬ್ಬನ ಬೆರಳು ಮುರಿದ. ಅವಮಾನಗೊಂಡವನು ಅವನ ಕಣ್ಣು ತೆಗೆದ. ಇಬ್ಬರೂ ಯಾರಿಗೆ ಏನನ್ನು ತೋರಿಸಬೇಕಾಗಿತ್ತು? ಪರೀಕ್ಷೆ ಇಟ್ಟವರು ನಾವು: ನೀವು, ನನ್ನ ಮಗನ ಸೋದರಮಾವ, ನಾನು. ಬರೆದವರು ಮಕ್ಕಳು. ನಮ್ಮಲ್ಲಿ ಒಬ್ಬರ ಮೈಮೇಲೂ ಗೀರು ಬಿದ್ದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ನಾವು ಬಂದ ದಿನವನ್ನು ನಮೂದಿಸಿ ನನ್ನ ಮಗನ ದೂರನ್ನು ಈಗಲಾದರೂ ಕಡತಕ್ಕೆ ಸೇರಿಸಿ. ಅಂದು ನೀವು ಕೊಟ್ಟ ಸಲಹೆಯನ್ನು ನ್ಯಾಯಾಧೀಶರ ಮುಂದೆ ನಿಮ್ಮ ಬಾಯಿಂದಲೇ ಹೇಳಿ. ನನ್ನನ್ನೂ ಸಾಕ್ಷಿಗೆ ಕರೆಯಿರಿ. ನನ್ನ ಪಾಲಿನದನ್ನು ಮುಚ್ಚಿಡುವುದಿಲ್ಲ. ಇನ್ನೊಂದು ವಿಷಯ. ನಾಳೆ ಪೆಟ್ಟು ತಿಂದ ಇನ್ನೊಬ್ಬ ಹುಡುಗ ನಿಮ್ಮ ಮೇಜಿನ ಮುಂದೆ ಬಂದು ನಿಂತರೆ, ದಯವಿಟ್ಟು ಅವನನ್ನು ಕೂರಿಸಿ, ನೀರು ಕೊಟ್ಟು, ಬರೆದುಕೊಳ್ಳಿ. ತಿರುಗಿ ಹೊಡೆಯದೆ ಅಲ್ಲಿವರೆಗೆ ನಡೆದು ಬರಲು ಅವನಿಗೆ ಎಷ್ಟು ಎದೆಗಾರಿಕೆ ಬೇಕಾಗಿತ್ತು ಅನ್ನುವುದು ನಿಮಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ.

ಇಂತಿ,
'ತಮ್ಮ ವಿಶ್ವಾಸಿ' ಎಂದು ಬರೆಯಲು ಕೈ ಬಾರದ,
ಆರೋಪಿಯ ತಂದೆ