ನೈರೋಬಿಯ ಫೋಟೋಗಳು ಬಂದ ಮೇಲೆ

॥ ಶ್ರೀ ಗುರುಬಸವ ಪ್ರಸನ್ನ ॥

ಬೆಲ್ಲದ ಬಾಗೇವಾಡಿ
18 ಫೆಬ್ರುವರಿ 1937

ಪ್ರೀತಿಯ ರಾಚಪ್ಪನಿಗೆ ಮುರಿಗೆಪ್ಪನ ಶರಣಾರ್ಥಿ.

ಇತ್ತ ನಾವೆಲ್ಲ ಕ್ಷೇಮ. ನೈರೋಬಿಯಲ್ಲಿ ನೀನೂ ಕ್ಷೇಮವೆಂದು ನಂಬಿದ್ದೇನೆ. ನೀನು ಕಳಿಸಿದ ಫೋಟೋಗಳ ಕಟ್ಟು ದೀಪಾವಳಿಗೆ ಮುಂಚೆಯೇ ಕೈಸೇರಿತು. ಮುಟ್ಟಿತೆಂದು ಒಂದು ಕಾರ್ಡನ್ನಾದರೂ ಹಾಕಬೇಕಿತ್ತು, ಹಾಕಲಿಲ್ಲ. ಗಾಣದ ಹಂಗಾಮು, ಬೆಲ್ಲದ ಪೇಟೆ, ಪುರುಸೊತ್ತಿಲ್ಲ ಎಂದು ಬೇಕಾದಷ್ಟು ನೆವ ಹೇಳಬಹುದು. ಆದರೆ ನಿನ್ನ ಮುಂದೆ ನೆವವೇಕೆ? ಹೊಟ್ಟೆಕಿಚ್ಚಪ್ಪಾ, ಬರೀ ಹೊಟ್ಟೆಕಿಚ್ಚು. ಬರೆಯಲು ಕೂತಾಗಲೆಲ್ಲ ನೀನು ಸಿಂಹದ ಮುಂದೆ ನಿಂತಂತೆ ಕಾಣುತ್ತಿತ್ತು, ನಾನು ಎದ್ದು ಹೋಗುತ್ತಿದ್ದೆ.

ನೀನೇ ಯೋಚಿಸು. ಹುಕ್ಕೇರಿ ಸಾಲೆಯಲ್ಲಿ ನಕಾಶೆಯ ಮೇಲೆ ಆಫ್ರಿಕಾ ತೋರಿಸು ಎಂದರೆ ಸಿಂಹಳದ ಮೇಲೆ ಬೆರಳಿಟ್ಟು ಛಡಿ ಏಟು ತಿಂದವನು ನೀನು. ಖಂಡಗಳ ಹೆಸರನ್ನೆಲ್ಲ ಗಡಗಡ ಹೇಳಿ ಮಾಸ್ತರರಿಂದ ಶಹಬಾಸ್ ಅನ್ನಿಸಿಕೊಂಡವನು ನಾನು. ಈಗ ನೀನು ಗುಜರಾತಿ ಶೇಟಜಿಯ ಗುಮಾಸ್ತನಾಗಿ, ಬೇಟೆಗೆ ಹೊರಟ ಸಾಹೇಬರ ಹಿಂದೆ ದಿನಸಿಯ ಲಾರಿಯಲ್ಲಿ ಕೂತು ಕಾಡೆಲ್ಲ ಸುತ್ತಿ, ಅವರದೇ ಕ್ಯಾಮೆರಾ ಇಸಿದುಕೊಂಡು ಆನೆಯ ಫೋಟೋ ತೆಗೆಯುತ್ತೀ. ನಾನು ಮಿರಜ ದಾಟಿಲ್ಲ. ಅಂಗಡಿಯಲ್ಲಿ ಬೆಲ್ಲಕ್ಕೆ ಮುತ್ತುವ ನೊಣ ಓಡಿಸುತ್ತ ಕೂತಿದ್ದೇನೆ. ಇದು ಯಾವ ನ್ಯಾಯ?

ಇರಲಿ, ನೀನು ಹೇಳಿದಂತೆ ಫೋಟೋಗಳನ್ನು ಮೊದಲು ನಿನ್ನ ಅವ್ವ ಅಕ್ಕವ್ವನಿಗೇ ತೋರಿಸಿದೆ. ಆಕೆ ಸಿಂಹವನ್ನು ನೋಡಲಿಲ್ಲ, ಆನೆಯನ್ನೂ ನೋಡಲಿಲ್ಲ. ಒಂದೊಂದನ್ನೂ ಬೆಳಕಿಗೆ ಹಿಡಿದು ಹುಡುಕಿದಳು.

"ಇದರಾಗ ನನ್ನ ಮಗಾ ಎಲ್ಲಿ ಅದಾನಪಾ?"

"ಅಂವ ಫೋಟೋ ತಗ್ಯಾಂವ ಬೇ ಅತ್ತಿ. ತಗ್ಯಾಂವ ಕಾಣಂಗಿಲ್ಲ."

"ಅಷ್ಟ ದೂರ ಹ್ವಾದಾಂವಾ ಇದರಾಗರ ಕಾಣಬಾರದ?" ಎಂದು ಕಣ್ಣೊರೆಸಿಕೊಂಡಳು. ಮುಂದಿನ ಸಲ ನಿನ್ನದೊಂದು ಫೋಟೋ ತೆಗೆಸಿ ಆಕೆಗೆ ಕಳಿಸು.

ಆಮೇಲೆ ನಮ್ಮ ಕಟ್ಟೆಯ ಮೇಲೆ ದಿನಾ ಸಂಜೆ ಜನವೋ ಜನ. ನೀನು ಫೋಟೋಗಳ ಬೆನ್ನಿಗೆ ಬರೆದದ್ದನ್ನು ಓದಿ ಹೇಳುವ ಕೆಲಸ ನನ್ನದು. ಜಿರಾಫೆ ನೋಡಿ, ಒಂಟೆಗೂ ಚಿರತೆಗೂ ಬೀಗತನವಾಯಿತೇ ಎಂದು ಕೇಳಿದರು. ಬಯಲು ತುಂಬ ಕಾಡುದನ ಮೇಯುವ ಫೋಟೋವನ್ನು ಕುರುಬರ ಹೊಳೆಪ್ಪ ಬಹಳ ಹೊತ್ತು ಬಿಡಲೇ ಇಲ್ಲ. "ಇಷ್ಟ ದನಾ ಅದಾವು, ಕಾಯಾಂವ ಒಬ್ಬನೂ ಇಲ್ಲ. ಎಂಥಾ ಮಂದೀರೀ ಅವರು?" ಎಂದು ಅಲ್ಲಿಯವರ ಮೇಲೆಯೇ ಸಿಟ್ಟಾದ. ನಾನು ಪ್ರತಿಯೊಂದಕ್ಕೂ "ಇದು ನಮ್ಮ ರಾಚಪ್ಪ ಇಂಥಲ್ಲಿ ನಿಂತು ತೆಗೆದದ್ದು" ಎನ್ನುತ್ತಿದ್ದೆ. ಹೇಳುವಾಗ ಎದೆ ಉಬ್ಬುತ್ತಿತ್ತು. ಜನ "ಭಾಳ ಗಟ್ಟಿ ಮನಶಾ ಬಿಡ್ರಿ ರಾಚಪ್ಪ" ಎಂದು ಎದ್ದು ಹೋದ ಮೇಲೆ ಅದೇ ಎದೆ ಕುದಿಯುತ್ತಿತ್ತು. ಒಳಗೆ ಬಂದು ತಾಟಿನ ಮುಂದೆ ಕೂತರೂ ನಿನ್ನದೇ ಪುರಾಣ. ರಾಚಪ್ಪ ಹಾಗೆ, ರಾಚಪ್ಪ ಹೀಗೆ, ರಾಚಪ್ಪನಿಗೆ ದೈವ ಒಲಿಯಿತು, ನನಗೆ ಒಲಿಯಲಿಲ್ಲ. ರೊಟ್ಟಿ ಬಡಿಯುತ್ತ ಶಿವಗಂಗವ್ವ ಎಲ್ಲ ಕೇಳಿಸಿಕೊಳ್ಳುತ್ತಿದ್ದಳು.

ನೀನು ಹಡಗು ಹತ್ತಿದ ಮೇಲೆ ನನ್ನ ಲಗ್ನವಾದದ್ದರಿಂದ ನೀನು ಅವಳನ್ನು ನೋಡಿಲ್ಲ. ಮಸಗುಪ್ಪಿಯ ಒಕ್ಕಲುತನದ ಮನೆಯವಳು. ಓದು ಬಾರದು, ಆದರೆ ಒಮ್ಮೆ ಕೇಳಿದ್ದನ್ನು ಮರೆಯುವವಳಲ್ಲ. ಫೋಟೋ ಬಂದ ಕೆಲ ದಿನಗಳಲ್ಲೇ ಓಣಿಯ ಹೆಂಗಸರು ಮಧ್ಯಾಹ್ನ ಅವಳ ಸುತ್ತ ಕೂರತೊಡಗಿದರು. ಒಂದು ದಿನ ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲಿ ನಿಂತು ಕೇಳಿದೆ. "ಈ ಆನಿ ನೀರ ಕುಡ್ಯಾಕ ಬಂದಾಗ ರಾಚಪ್ಪನವ್ರು ಉಸರ ಬಿಗಿ ಹಿಡದ ನಿಂತಿದ್ರಂತವಾ. ರಾಚಪ್ಪನವ್ರಿಗೆ ಅಂಜಿಕಿನ ಇಲ್ಲ ನೋಡ್ರಿ." ನನಗಿಂತ ಚೆನ್ನಾಗಿ ಹೇಳುತ್ತಿದ್ದಳು. ನಾನು ಕೆಮ್ಮಿದೆ. ಸೆರಗು ಎಳೆದುಕೊಂಡು ಒಳಗೆ ಹೋದಳು. ಉಸಿರು ಬಿಗಿಹಿಡಿದ ಮಾತು ನಿನ್ನ ಬರಹದಲ್ಲಿ ಇರಲಿಲ್ಲ, ಅವಳೇ ಸೇರಿಸಿದ್ದು. ಅದು ನನ್ನ ಮನಸ್ಸಿನಲ್ಲಿ ಉಳಿಯಿತು.

ಅವಳು ಈಗ ಬಸುರಿ. ಕುಬಸದ ಶಾಸ್ತ್ರ ಮುಗಿಸಿಕೊಂಡು ತವರಿಗೆ ಹೋಗಿದ್ದಾಳೆ. ಮನೆ ಬಿಕೋ ಎನ್ನುತ್ತದೆ. ಫೋಟೋಗಳನ್ನು ಟ್ರಂಕಿನಲ್ಲಿಟ್ಟು ಕೀಲಿ ಹಾಕಿದ್ದೇನೆ. ಜನ ಕೇಳಿದರೆ ಬಿಸಿಲಿಗೆ ಮಾಸಿಹೋಗುತ್ತವೆ ಎಂದು ಹೇಳಿ ಸಾಗಹಾಕುತ್ತೇನೆ.

ಕಾಡಿಗೆ ಹೋದಾಗ ಹುಷಾರಾಗಿರು. ಬಸವಣ್ಣ ನಿನ್ನನ್ನು ಕಾಯಲಿ, ಬೇಗ ಊರು ಕಾಣಿಸಲಿ. ಹೊಟ್ಟೆ ಎಷ್ಟೇ ಉರಿದರೂ ಇದನ್ನು ಮನಸಾರೆ ಬರೆಯುತ್ತಿದ್ದೇನೆ.

ನಿನ್ನ
ಮುರಿಗೆಪ್ಪ

ತಾ.ಕ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಇಷ್ಟು ಹೇಳದಿದ್ದರೆ ನಿದ್ದೆ ಬಾರದು.

ಕುಬಸದ ದಿನ ಹೆಂಗಸರು ಶಿವಗಂಗವ್ವನಿಗೆ ಹಸಿರು ಸೀರೆ ಉಡಿಸಿ, ಉಡಿ ತುಂಬಿ, ಗಂಡನ ಹೆಸರು ಹೇಳು ಎಂದು ಕಾಡಿದರು. ನಮ್ಮ ಕಡೆಯ ರೂಢಿ ನಿನಗೆ ಗೊತ್ತಲ್ಲ. ಬೇರೆ ದಿನ ಹೆಂಡತಿ ಗಂಡನ ಹೆಸರು ನಾಲಿಗೆಯ ಮೇಲೆ ತರುವಂತಿಲ್ಲ. ಇಂಥ ದಿನ ಒಡಪು ಕಟ್ಟಿ ಅದರೊಳಗೆ ಹೇಳಲೇಬೇಕು. ನಾನು ಹೊರಗೆ ಜಂಗಮರಿಗೆ ಎಲೆ ಅಡಿಕೆ ಕೊಡುತ್ತ ಕಿವಿಯನ್ನು ಮಾತ್ರ ಒಳಗಿಟ್ಟಿದ್ದೆ. ಲಗ್ನದಲ್ಲಿ ಒಮ್ಮೆ ಅವಳ ಬಾಯಲ್ಲಿ ನನ್ನ ಹೆಸರು ಕೇಳಿದ್ದು, ಆಮೇಲೆ ಇಲ್ಲ. ನಿನ್ನ ಆನೆಯನ್ನೇ ಸೇರಿಸಿ ಹೊಸ ಒಡಪು ಕಟ್ಟಿದ್ದಳು:

"ಬೆಳ್ಳಿ ಬಟ್ಟಲದಾಗ ಬೆಲ್ಲದ ಪಾಕ,
ಆನಿ ಬಂದೈತಿ ಹೊಳಿ ನೀರ ಕುಡ್ಯಾಕ,
ರಾಚಪ್ಪನವರ ಹೆಸರ ಹೇಳತೀನಿ ಎಲ್ಲಾರೂ ಕೇಳಾಕ."

ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ ನಕ್ಕರು. ನನ್ನ ಚಿಗವ್ವ ಇಂದ್ರವ್ವ, "ಏ ಹುಚ್ಚಿ, ನಿನ್ನ ಗಂಡ ಆಫ್ರಿಕಾದಾಗ ಇಲ್ಲಬೇ, ಹೊರಗ ಕುಂತಾನ!" ಎಂದಳು. ಶಿವಗಂಗವ್ವ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಮತ್ತೆ ಹೇಳು ಎಂದರೆ ಬಾಯಿ ಬಿಡಲಿಲ್ಲ.

ನಾನು ಅವಳೊಂದಿಗೆ ಮಾತು ಬಿಟ್ಟೆ. ಅವಳು ಬಂಡಿ ಹತ್ತುವಾಗ ತಡೆಯಲಾರದೆ ಕೇಳಿಯೇಬಿಟ್ಟೆ. "ನನ್ನ ಹೆಸರ ಯಾಕ ಬರಲಿಲ್ಲ ಬಾಯಾಗ?"

"ನಿಮ್ಮ ಹೆಸರ ನಾ ಯಾವಾಗ ಅಂದೇನ್ರಿ ಬರಾಕ?" ಎಂದಳು. "ಮುಂಜಾನಿಂದ ಸಂಜೀತನಾ ಈ ಮನ್ಯಾಗ ರಾಚಪ್ಪ ರಾಚಪ್ಪ ಅಂತ ಉರಕೊಂಡಾವ್ರು ನೀವ. ದಿನಾ ಕೇಳಿದ್ದ ಬಾಯಾಗ ಬಂತು."

ಬಂಡಿ ಹೋಯಿತು.

ಅವಳು ಹೇಳಿದ್ದು ಖರೆ. ಅವಳು ನಿನ್ನ ಮುಖ ಸಹ ಕಂಡವಳಲ್ಲ, ನಿನ್ನ ತಪ್ಪೂ ಏನಿಲ್ಲ. ಯಾರ ಮೇಲೂ ಸಿಟ್ಟಾಗಲು ಬಾರದೆಂದೇ ಇನ್ನಷ್ಟು ಉರಿಯುತ್ತದೆ. ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ಹೆಂಗಸರು ಅವಳನ್ನು ಮತ್ತೆ ಹೆಸರು ಕೇಳುತ್ತಾರೆ, ಬಿಡುವವರಲ್ಲ. ಅಷ್ಟರೊಳಗೆ ನಿನ್ನದೊಂದು ಕಾಗದ ಬರಲಿ. ಸಿಂಹ, ಆನೆ ಏನೂ ಬೇಡ. ಸಾಲುಸಾಲಿಗೂ ಮುರಿಗೆಪ್ಪಾ, ಮುರಿಗೆಪ್ಪಾ ಎಂದು ಬರೆ. ಮಸಗುಪ್ಪಿಗೆ ಹೋಗಿ ಅವಳ ಮುಂದೆ ಕೂತು ದೊಡ್ಡ ದನಿಯಲ್ಲಿ ಓದುತ್ತೇನೆ.