ಅಕ್ಕಿ ಡಬ್ಬದಲ್ಲಿದ್ದ ಹಲ್ಲುಸೆಟ್ಟು

ಉಪ್ಪ,

ನಾನು ಶಾಲೆಗೆ ಚಕ್ಕರ್ ಹೊಡೆದದ್ದಕ್ಕೆ ಹೆಡ್ಮಾಷ್ಟ್ರು ಅಪ್ಪನೆಂದು ನಿಮ್ಮನ್ನು ಕರೆಸಿದ ದಿನ, ನಿಮ್ಮ ಹಲ್ಲುಸೆಟ್ಟನ್ನು ಅಕ್ಕಿ ಡಬ್ಬದಲ್ಲಿ ಅಡಗಿಸಿಟ್ಟದ್ದು ನಾನು. ನೀವು ಮಾತಾಡಿದರೆ ಅವರು ನನ್ನನ್ನು ಉಳಿಸಿಕೊಳ್ಳುತ್ತಾರೆಂದು ಗೊತ್ತಿತ್ತು. ನನಗೆ ಶಾಲೆ ಬೇಡವಾಗಿತ್ತು. ನೀವು ಬಾಯಿಗೆ ಟವೆಲು ಹಿಡಿದುಕೊಂಡೇ ಬಂದಿರಿ.

"ನೀವು ಹೇಳುವುದು ಒಂದೂ ಗೊತ್ತಾಗುವುದಿಲ್ಲ ಮೂಸಬ್ಬನವರೇ," ಎಂದು ಅವರು ನಕ್ಕರು. ನೀವು ಟೀಸಿ ತೆಗೆದುಕೊಂಡು ಎದ್ದಿರಿ. ಮರುದಿನ ಸೆಟ್ಟನ್ನು ಸಾಬೂನಿನ ಹಿಂದೆ ಇಟ್ಟೆ. ತೀರಿಹೋಗುವವರೆಗೂ ಅದು ನಿಮ್ಮದೇ ಮರೆವು ಎಂದುಕೊಂಡಿರಿ.

ಇವತ್ತು ಬಂಟ್ವಾಳದಲ್ಲಿ ಉಮ್ಮನಿಗೆ ಇಂಪ್ಲಾಂಟ್ ಹಲ್ಲು ಕೂರಿಸಿದರು. ಅಲ್ಲಾಡುತ್ತಿದ್ದವನ್ನು ಕಿತ್ತು ದವಡೆಯ ಎಲುಬಿಗೆ ಮೊದಲೇ ಸ್ಕ್ರೂ ಹಾಕಿದ್ದರು. ಅದರ ಮೇಲೆ ಈಗ ಹಲ್ಲು.

"ಸೆಟ್ಟಿನ ಹಾಗೆ ಲೋಟದಲ್ಲಿ ತೆಗೆದಿಡುವ ರಗಳೆ ಇಲ್ಲ ಖತೀಜಮ್ಮ, ಕಳೆದುಹೋಗುವ ಹಾಗೇ ಇಲ್ಲ," ಎಂದರು ಡಾಕ್ಟರಮ್ಮ. ಉಮ್ಮ ಕನ್ನಡಿ ನೋಡಿದರು, ನಗಲಿಲ್ಲ.

ಪುಂಜಾಲಕಟ್ಟೆಗೆ ಮರಳುವ ಬಸ್ಸಿನಲ್ಲಿ ಬಾಯಿ ತೆರೆದರು. "ನಿನ್ನ ಉಪ್ಪನಿಗೆ ಇಂಥದ್ದು ಇರುತ್ತಿದ್ದರೆ ಆ ದಿನ ಸರಿಯಾಗಿ ಮಾತಾಡ್ತಿದ್ದರು. ನಿನ್ನ ಓದು ಹಾಳು ಮಾಡಿದೆ ಅಂತ ಕೊರಗಿಯೇ ಹೋದರು ಮೋನೇ."

ಸುಳ್ಳು ಹೇಳುವವನಲ್ಲ ಎಂದು ಊರಿಡೀ ಹೇಳಿಕೊಂಡು ತಿರುಗಿದವನು ನಾನು. ಸುಳ್ಳು ಹೇಳಲೂ ಇಲ್ಲ; ನನ್ನನ್ನು ಯಾರೂ ಕೇಳಲಿಲ್ಲ, ಅಷ್ಟೇ. ಉಮ್ಮನೂ ಕೇಳಲಿಲ್ಲ. ಬಸ್ಸಿನ ಟಿಕೇಟನ್ನು ಮಡಚಿ ಮಡಚಿ ಕುಳಿತೆ.

ಕೆಲಸದ ಅರ್ಜಿಯಲ್ಲಿ ವಿದ್ಯೆ ಎಂಟನೇ ತರಗತಿ ಎಂದು ಬರೆದಿದ್ದೇನೆ. ಅದು ನಿಜ. ನಿಮ್ಮ ಸೆಟ್ಟು ಉಮ್ಮನ ಕಪಾಟಿನಲ್ಲೇ ಇದೆ.

ನಾಳೆ ಬೆಳಿಗ್ಗೆ ಆ ಕೆಲಸಕ್ಕೆಂದು ಕಡಲಾಚೆಯ ದಮ್ಮಾಮಿಗೆ ಹೊರಡುತ್ತೇನೆ.