ನಿರೋಪ

೫ ಜುಲೈ ೧೯೯೩, ನಿಪ್ಪಾಣಿ
ಬಿ.ಎಸ್ಸಿ. ಫೈನಲ್‌ಗೆ ಕೈನೇಸ್ ಪಾಠ. ಜೀವಕೋಶದೊಳಗಿನ ಎಂಜೈಮು. ಹೊರಗಿನ ಸಂಕೇತವನ್ನು ಒಂದರಿಂದೊಂದಕ್ಕೆ ದಾಟಿಸಿ ಜೀನಿಗೆ ಮುಟ್ಟಿಸುತ್ತದೆ, ಆಗ ಜೀನು ಕೆಲಸಕ್ಕೆ ತೊಡಗುತ್ತದೆ. ಹುಡುಗರು ಪಿಳಿಪಿಳಿ ನೋಡಿದರು. ‘ಸಂಕೇತ’ ಬಿಟ್ಟು ‘ನಿರೋಪ’ ಅಂದೆ. ಹೇಳಿಕಳಿಸುವ ಸುದ್ದಿಗೆ ನಮ್ಮ ಕಡೆ ಅದೇ ಮಾತು. ತಟ್ಟನೆ ತಿಳಿಯಿತು! ಬೀಗಿದೆ.
ತಮ್ಮ ಉತ್ತಮನಿಗೆ ಮತ್ತೆ ಜ್ವರ. ಅವನು ದುಡಿಯುವ ತಂಬಾಕು ವಖಾರಿಯ ಧೂಳು ಅನ್ನುತ್ತಾಳೆ ಅವ್ವ.

೧೪ ಜುಲೈ
ಮಿರಜದಿಂದ ರಿಪೋರ್ಟು. ರಕ್ತದ ಕ್ಯಾನ್ಸರ್, ಕೊನೆಯ ಹಂತ. ಡಾಕ್ಟರು ನನ್ನೊಬ್ಬಳಿಗೇ ಹೇಳಿದರು — ಮೂರು ತಿಂಗಳು.
ಅಲ್ಲೂ ಒಂದು ಕೈನೇಸ್. ಕೆಟ್ಟು, ಚಾಲೂ ಆಗಿಯೇ ನಿಂತಿದೆ. ಯಾರೂ ಕೇಳದಿದ್ದರೂ ಜೀನುಗಳಿಗೆ ‘ಬೆಳೆಸಿ, ಬೆಳೆಸಿ’ ಎಂದು ಹೇಳುತ್ತಲೇ ಇದೆ. ಬಿಳಿ ರಕ್ತಕಣ ಹುಟ್ಟುತ್ತಲೇ ಇವೆ. ಅದನ್ನು ಬಂದ್ ಮಾಡುವ ಗುಳಿಗೆ ಇನ್ನೂ ಯಾರ ಹತ್ತಿರವೂ ಇಲ್ಲ.
ಉತ್ತಮನಿಗೆ ಹೇಳುವುದಿಲ್ಲ. ಇರುವಷ್ಟು ದಿನ ನಗುತ್ತ ಇರಲಿ.

೨ ಆಗಸ್ಟ್
ಅವ್ವ ಬಿಡಲಿಲ್ಲ. “ಖರೇ ಹೇಳ ಜಿನಮತಿ, ಏನಾಗೇತಿ ಅವಗ?”
ಕ್ಯಾನ್ಸರ್ ಅನ್ನಲು ನಾಲಿಗೆ ಹೊರಳಲಿಲ್ಲ. ಪಾಠದ ಜಾಣತನ ತೋರಿಸಿದೆ. “ರಕ್ತದಾಗ ಒಂದ್ ಎಂಜೈಮ್ ಐತಿ ಬೇ. ನಿರೋಪ ಕೊಡಾಕತ್ತೈತಿ, ನಿಲ್ಲವಲ್ದು.”
ಅವ್ವ ಎದ್ದು ಒಳಗೆ ಹೋದಳು. ಪಾರಾದೆ ಅಂದುಕೊಂಡೆ.

೩ ಆಗಸ್ಟ್, ಬೆಳಿಗ್ಗೆ
ಉತ್ತಮನ ಹಾಸಿಗೆಯ ಮುಂದೆ ಅವ್ವ ಕೈಮುಗಿದು ಕೂತಿದ್ದಾಳೆ! “ಕ್ಷಮಾ ಮಾಡಪಾ. ಸಣ್ಣಾಂವ ಇದ್ದಾಗ ಭಾಳ ಹೊಡದೀನಿ.”
ನಮ್ಮ ಜೈನರಲ್ಲಿ ಹೀಗೆ ಕ್ಷಮೆ ಕೇಳುವ ದಿನ ಸಪ್ಟೆಂಬರಿಗೆ. ಅದು ಬಿಟ್ಟರೆ, ಸಾಯುವವರ ಮುಂದೆ. ಅವನಿಗೂ ಗೊತ್ತು. ಮುಖ ಬಿಳಿಚಿತು.
ಅವ್ವನನ್ನು ಹೊರಗೆಳೆದೆ. “ಏನ್ ಮಾಡಿದಿ ಬೇ?”
“ನೀನ ಹೇಳಿದೆಲ್ಲ, ನಿರೋಪ ಕೊಡಾಕತ್ತೈತಿ ಅಂತ. ಜೀವ ನಿರೋಪ ತಗೊಳ್ಳಾಕತ್ತೈತಿ ಅಂದ್ರ ನಾ ಸುಮ್ಮ ಕುಂದರ್ಲಿ?”
ಥೂ! ಮರಾಠಿಯಲ್ಲಿ ನಿರೋಪ ಅಂದರೆ ವಿದಾಯವೂ ಹೌದು. ಅವ್ವನ ತವರು ಕಾಗವಾಡದಾಚೆಯ ಮರಾಠಿ ಮನೆ. ಈ ಗಡಿಯಲ್ಲೇ ಹುಟ್ಟಿ ಬೆಳೆದು ಮರೆತೆನಲ್ಲ... ನನ್ನ ಬಾಯಿಗಿಷ್ಟು ಮಣ್ಣು!

ಅದೇ ದಿನ, ಸಂಜೆ ಆರು
ಉತ್ತಮ ಕರೆದ. “ಅಕ್ಕಾ, ಅವ್ವಂದು ಆತು. ನಿಂದು?”
ಅತ್ತುಬಿಟ್ಟೆ. ಕೈಮುಗಿದೆ. “ಇಪ್ಪತ್ತು ದಿನ ಸುಳ್ಳ ಹೇಳೀನೋ. ಕ್ಷಮಾ ಮಾಡು.”
“ಮಾಡೀನಿ. ಈಗರೆ ಖರೇ ಹೇಳು. ಎಷ್ಟ ದಿನ?”
ಡಾಕ್ಟರು ಹೇಳಿದ್ದರಲ್ಲಿ ಉಳಿದದ್ದು ಎರಡು ತಿಂಗಳು ಚಿಲ್ಲರೆ. ಮುಗಿದ ಕೈ ಇನ್ನೂ ಇಳಿಸಿರಲಿಲ್ಲ.
“ಎರಡ ವರ್ಷ” ಅಂದೆ. ಅವನು ನಕ್ಕ. ನಂಬಿದನೋ, ನನಗಾಗಿ ನಕ್ಕನೋ, ತಿಳಿಯಲಿಲ್ಲ.